ಈ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಒಳಹಳ್ಳಿಯೊಂದರಲ್ಲಿ ನಮ್ಮ ಅಜ್ಜಯ್ಯನ ತೊಟ್ಟಿಮನೆ (ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ಮನೆ) ಇದೆ. ದೊಡ್ಡಮ್ಮ ತೀರಿಕೊಂಡ ಮೇಲೆ ಆರು ವರ್ಷದಿಂದ ಬೀಗ ಹಾಕಿದೆ. ಹಿಂದಿನ ಅಂಕಣದ (ಕಂಬಸಾಲುಗಳ ನಡುವಿನ ಭಾಗದ) ಮಾಡು, ಅಂದರೆ ಚಾವಣಿ, ಕುಸಿದಿದೆ, ಅಟ್ಟದ ತೊಲೆಗೆ ಒರಲೆ (ಗೆದ್ದಲು) ಹತ್ತಿದೆ. ಜಗಲಿಯ ಕೆತ್ತನೆ ಕಂಬಗಳನ್ನೂ ಹೆಬ್ಬಾಗಿಲನ್ನೂ ಕೊಡಿ ಎಂದು ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಎರಡು ಸಲ ಬಂದು ಹೋದರು. ಕೆಡವಿ ಆರ್‌ಸಿಸಿ ಮನೆ ಕಟ್ಟೋಣ ಎನ್ನುತ್ತಾನೆ ಅಣ್ಣ. ಗೋಡೆಗೆಲ್ಲ ಸಿಮೆಂಟ್ ಹೊಡೆಸಿ ಹಳೇ ಮನೆಯನ್ನೇ ಉಳಿಸೋಣ ಎನ್ನುತ್ತೇನೆ ನಾನು. ಯಾರದು ಸರಿ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಉಳಿಸಬೇಕೆಂಬ ನಿಮ್ಮ ಮನಸ್ಸು ಸರಿ, ಸಿಮೆಂಟ್ ಮಾತ್ರ ಬೇಡ. ಕೈಮುಗಿದು ಹೇಳುತ್ತೇನೆ, ಬೇಡ.

ಕೊಪ್ಪ ತಾಲ್ಲೂಕಿನ ನಮ್ಮ ಮನೆಗೆ ಅದನ್ನು ಮಾಡಿದವನು ನಾನೇ. 1991ರಲ್ಲಿ ನಾನಿನ್ನೂ ಹೊಸ ಇಂಜಿನಿಯರು. ಮಣ್ಣಿನ ಗೋಡೆ ಮಳೆಗೆ ಕರಗುತ್ತದೆಂದು ಮೂರು ಕಡೆ ಸಿಮೆಂಟ್ ಗಾರೆ ಮಾಡಿಸಿದೆ. ಎರಚಲು ಹೊಡೆಯುತ್ತದೆಂದು ತೊಟ್ಟಿಯ ಮೇಲೆ ಶೀಟು ಹೊದಿಸಿದೆ. ಅಪ್ಪಯ್ಯ ಏನೂ ಹೇಳಲಿಲ್ಲ, ಓದಿದ ಮಗನ ಮಾತಿಗೆ ಎದುರಾಡಲಿಲ್ಲ. ನಾಲ್ಕನೇ ಮಳೆಗಾಲಕ್ಕೆ ಪಡುವಣ ಗೋಡೆಯ ಸಿಮೆಂಟು ಹಲಗೆಯಂತೆ ಕಳಚಿಬಿತ್ತು, ಅದರ ಜೊತೆ ಒಂದು ಗೇಣು ಮಣ್ಣೂ ಬಂತು. ಒಳಗಿದ್ದ ತೊಲೆಯ ತುದಿಗೆ ಆಚಾರ್ರು ಉಳಿ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ‘ಗೋಡೆಗೆ ಬೆವರೋಕೆ ಬಿಡಬೇಕು ಅಯ್ಯಾ’ ಎಂದರು ಅವರು.

ಅವರು ಹೇಳಿದ್ದರಲ್ಲಿ ಎಲ್ಲವೂ ಇತ್ತು. ಮಣ್ಣಿನ ಗೋಡೆಯಾಗಲಿ ಜಂಬಿಟ್ಟಿಗೆ (ಕೆಂಪುಕಲ್ಲಿನ) ಗೋಡೆಯಾಗಲಿ ನೆಲದಿಂದ ತೇವ ಹೀರುತ್ತಲೇ ಇರುತ್ತದೆ. ಮಣ್ಣಿನ ಗಿಲಾವು, ಸುಣ್ಣದ ಗಾರೆ ಅದನ್ನು ಹೊರಗೆ ಬಿಡುತ್ತವೆ. ಸಿಮೆಂಟ್ ಬಿಡುವುದಿಲ್ಲ. ಹೊರಗೆ ದಾರಿ ಸಿಗದ ನೀರು ಗೋಡೆಯೊಳಗೇ ಮೇಲೇರಿ, ತೊಲೆ ಕೂತಿರುವ ಜಾಗಕ್ಕೆ ಮುಟ್ಟುತ್ತದೆ. ಹೊರಗಿನಿಂದ ಗೋಡೆ ಗಟ್ಟಿಮುಟ್ಟಾಗಿ ಕಾಣುವುದರಿಂದ ನಮಗೆ ಗೊತ್ತಾಗುವುದೇ ಇಲ್ಲ.

ಎರಡನೇ ಪೆಟ್ಟು ಬೀಗದ್ದು. 2003ರಲ್ಲಿ ಅಪ್ಪಯ್ಯ ತಂಗಿಯ ಮನೆಗೆ ಹೋದ ಮೇಲೆ ನಮ್ಮ ಮನೆಯ ಒಲೆ ಆರಿತು. ನೂರಾರು ವರ್ಷ ಸೌದೆ ಒಲೆಯ ಹೊಗೆ ಅಟ್ಟಕ್ಕೇರಿ ಹೆಂಚು ಹೊತ್ತ ಮರದ ಪಕಾಸು, ರೀಪುಗಳನ್ನೆಲ್ಲ ಕರ್ರಗೆ ಮಾಡಿತ್ತು. ಆ ಮಸಿಯನ್ನು ನಾವು ಕೊಳೆ ಎಂದುಕೊಂಡಿದ್ದೆವು. ಮರವನ್ನು ಒಣಗಿಸಿ, ಹುಳು ಬಾರದಂತೆ ಕಾಯುತ್ತಿದ್ದದ್ದು ಅದೇ ಹೊಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅಂಥ ಸೀಮೆಯಲ್ಲಿ ಒಂದು ಹೆಂಚು ಸರಿದರೆ, ಅದನ್ನು ನೋಡುವವರಿಲ್ಲದಿದ್ದರೆ, ಒಂದೇ ಮಳೆಗಾಲ ಸಾಕು.

ನಿಮ್ಮ ಅಣ್ಣನ ಮಾತಿನಲ್ಲೂ ನ್ಯಾಯವಿದೆ. ಈ ಮನೆಗಳು ಮೂವತ್ತು ನಲವತ್ತು ಜನ ಉಣ್ಣುವುದಕ್ಕೆ, ಗೇಣಿ ಭತ್ತ ತುಂಬುವುದಕ್ಕೆ ಕಟ್ಟಿದವು. ವರ್ಷವರ್ಷ ಹೆಂಚು ಇಳಿಸಿ ಏರಿಸುತ್ತಿದ್ದವರು ಒಕ್ಕಲಿನವರು, ಆಳುಗಳು. ಅವರಿಗೆ ಸಿಗುತ್ತಿದ್ದ ಕೂಲಿ ಎಷ್ಟೆಂದು ನಮ್ಮ ಮನೆಯ ಹಳೇ ಲೆಕ್ಕದ ಪುಸ್ತಕ ನೋಡಿದಾಗ ನನಗೆ ಸಂಕಟವಾಯಿತು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಉಳುವವರಿಗೆ ಭೂಮಿ ಬಂದದ್ದು ಆಗಲೇಬೇಕಿದ್ದ ಕೆಲಸ. ಆಮೇಲೆ ಈ ಗಾತ್ರದ ಮನೆ ಸಾಕುವ ವರಮಾನ ಉಳಿಯಲಿಲ್ಲ, ಅಷ್ಟೇ. ಹಾಗಾಗಿ ಇಡೀ ಮನೆ ಉಳಿಸಲೇಬೇಕೆಂದು ಹಟ ಹಿಡಿಯಬೇಡಿ.

2012ರಲ್ಲಿ ನಿವೃತ್ತನಾಗಿ ಬಂದಾಗ ನಮ್ಮ ಮನೆಯ ಹದಿನೆಂಟು ಕಂಬಗಳಲ್ಲಿ ಹನ್ನೊಂದು ಗಟ್ಟಿಯಿದ್ದವು. ಜಗಲಿ, ತೊಟ್ಟಿ, ದೇವರ ಕೋಣೆ, ಅಡುಗೆಮನೆ ಇಷ್ಟನ್ನು ಉಳಿಸಿಕೊಂಡೆ. ಹಿಂದಿನ ಎರಡು ಅಂಕಣ ಬಿಟ್ಟುಕೊಟ್ಟೆ. ಅಲ್ಲಿಯ ಹೆಂಚು, ಪಕಾಸುಗಳೇ ಮುಂಭಾಗಕ್ಕೆ ಆದವು. ಅಮ್ಮ ನನ್ನನ್ನು ಹೆತ್ತ ಕೋಣೆ ಆ ಹಿಂಭಾಗದಲ್ಲಿತ್ತು. ಈಗ ಅಲ್ಲಿ ಅಡಿಕೆ ಒಣಗಿಸುತ್ತೇವೆ. ಅಷ್ಟು ಬಿಟ್ಟುಕೊಟ್ಟದ್ದರಿಂದ ಉಳಿದರ್ಧ ನಿಂತಿದೆ.

ವ್ಯಾಪಾರಿಗೆ ಖಡಾಖಂಡಿತವಾಗಿ ಇಲ್ಲವೆನ್ನಿ. ಕೆತ್ತನೆ ಕಂಡು ನಾವು ಅಲಂಕಾರ ಎಂದುಕೊಳ್ಳುತ್ತೇವೆ, ಆದರೆ ಇಡೀ ಮಾಡು ಆ ಕಂಬಗಳ ಮೇಲೆ ನಿಂತಿದೆ. ಕಂಬ ಹೋದ ಮನೆಗೆ ಮುಂದಿನ ಮಳೆಗಾಲವಿಲ್ಲ. ಯಾವ ದಾರಿಯೂ ಉಳಿಯದಿದ್ದರೆ ಮನೆಯನ್ನು ಇಡಿಯಾಗಿ ಸಾಗಿಸಿದ ಉದಾಹರಣೆ ಇದೆ. ಮಾಲೀಕರು ಕೆಡವಲು ಹೊರಟಿದ್ದ ಮನೆಗಳನ್ನು ವಿಜಯನಾಥ ಶೆಣೈ ಅವರು ತುಂಡುತುಂಡಾಗಿ ಬಿಚ್ಚಿಸಿ, ಗುರುತು ಹಾಕಿಸಿ ಮಣಿಪಾಲಕ್ಕೆ ತಂದು ಮತ್ತೆ ಎಬ್ಬಿಸಿದರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲಮಹಲ್ ಎಲ್ಲ ಇಂದು ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಸರ್ಕಾರ ಮಾಡಬಹುದಾಗಿದ್ದನ್ನು ಒಬ್ಬರೇ ಹೆಗಲಿಗೆ ಹೊತ್ತವರು ಅವರು. ಆದರೂ ಮನೆ ತನ್ನ ತೋಟ, ಗದ್ದೆಗಳ ನಡುವೆ ಇರುವುದೇ ಚೆಂದ. ಅಣ್ಣನನ್ನು ಕರೆದುಕೊಂಡು ನಿಮ್ಮ ತಾಲ್ಲೂಕಿನದೇ ಕುಪ್ಪಳಿಯ ಕವಿಮನೆಗೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ತೊಟ್ಟಿಗೆ ಬಿಸಿಲು ಇಳಿಯುವ ಹೊತ್ತು ಸುಮ್ಮನೆ ಕೂತಿರಿ, ವಾದ ಬೇಡ.

ಈಗ ಕೆಲಸದ ಮಾತು. ಪಾಲುದಾರರೆಲ್ಲ ಕೂತು ಖರ್ಚು ಯಾರದು, ಯಾವ ಭಾಗ ಉಳಿಯಬೇಕು ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ. ಇದಿಲ್ಲದೆ ಒಂದು ಹೆಂಚನ್ನೂ ಮುಟ್ಟಬೇಡಿ. ಆಮೇಲೆ ಮೊದಲ ಕೆಲಸ ಮಾಡಿನದು. ಮೇ ತಿಂಗಳೊಳಗೆ ಹೆಂಚು ಕೈಯಾಡಿಸಿ (ಇಳಿಸಿ, ಒಡೆದದ್ದು ಬದಲಿಸಿ, ಮತ್ತೆ ಹೊದಿಸಿ), ಕುಸಿದ ಅಂಕಣದ ಕಡೆ ತೆರೆದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿ. ಒರಲೆಗೆ ಔಷಧಿ ಹೊಡೆಸುವ ಮೊದಲು ಅದಕ್ಕೆ ನೀರು ಎಲ್ಲಿಂದ ಸಿಗುತ್ತಿದೆ ಹುಡುಕಿ. ಸೋರುವುದು ನಿಲ್ಲದೆ ಯಾವ ಔಷಧಿಯೂ ನಿಲ್ಲುವುದಿಲ್ಲ. ಬುಡ ಲಡ್ಡಾದ ಕಂಬವನ್ನು ಪೂರ್ತಿ ಬದಲಿಸಬೇಕಿಲ್ಲ. ಕೆಟ್ಟಷ್ಟನ್ನು ಕೊಯ್ದು, ಅದೇ ಜಾತಿಯ ಒಣಮರದ ತುಂಡನ್ನು ಕಚ್ಚು ಕೊಟ್ಟು ಜೋಡಿಸಬಲ್ಲ ಆಚಾರ್ರು ಇನ್ನೂ ಇದ್ದಾರೆ. ಹೆಚ್ಚಿನವರಿಗೆ ವಯಸ್ಸಾಗಿದೆ, ತಡಮಾಡಬೇಡಿ. ಗೋಡೆ ಕೆಲಸ ದೀಪಾವಳಿ ಕಳೆದ ಮೇಲೆ. ಸುಣ್ಣವನ್ನು ಚೆನ್ನಾಗಿ ಅರಳಿಸಿ, ವಾರಗಟ್ಟಲೆ ನೀರಲ್ಲಿ ಕೊಳೆಸಿ, ತೆಳ್ಳಗೆ ಪದರ ಪದರವಾಗಿ ಹಚ್ಚಿಸಿ. ಒಣಗಲು ಸಮಯ ಹಿಡಿಯುತ್ತದೆ, ಗುತ್ತಿಗೆದಾರ ಅವಸರ ಮಾಡಿದರೆ ಬಗ್ಗಬೇಡಿ. ಅಣ್ಣ ಕೇಳುವ ಬಚ್ಚಲು, ಶೌಚಾಲಯ ಹಳೇ ಗೋಡೆಗೆ ತಾಗದಂತೆ ಹೊರಗೆ ಕಟ್ಟಿಸಿ. ಅವರ ಹೆಂಡತಿ ಮಕ್ಕಳು ಬಂದು ನಾಲ್ಕು ದಿನ ನಿಲ್ಲಬೇಕಲ್ಲ!

ಇದಕ್ಕೆಲ್ಲ ಮೊದಲು ಒಂದು ಕೆಲಸ. ಈ ಭಾನುವಾರ ಬೀಗ ತೆಗೆದು, ದೊಡ್ಡಮ್ಮನ ಒಲೆಗೆ ಸೌದೆ ಇಟ್ಟು ಹೊತ್ತಿಸಿ. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ, ಒರಲೆ ಹತ್ತದ ಗಟ್ಟಿ ಜಾಗ ನೋಡಿಕೊಂಡು ಅಟ್ಟ ಹತ್ತಿ. ಬೆಳಕು ತೂರುವ ಜಾಗಗಳ ಕೆಳಗೆ ಪಕಾಸಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎಷ್ಟು ಗುರುತಾಯಿತೆಂದು ನನಗೆ ಬರೆಯಿರಿ.

ಪ್ರಶ್ನೆ: ನಮ್ಮ ಮನೆಯ ಹೆಂಚಿನ ಮೇಲೆ ‘ಬಾಸೆಲ್ ಮಿಷನ್ 1865’ ಎಂದು ಇಂಗ್ಲಿಷ್‌ನಲ್ಲಿದೆ. ಮನೆ ಅಷ್ಟು ಹಳೆಯದೇ?
– ಪುತ್ತೂರಿನ ಓದುಗರು

ಉತ್ತರ: 1865 ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ. ಮುಂದೆಯೂ ಅದೇ ವರ್ಷವನ್ನು ಹೆಂಚಿನ ಮೇಲೆ ಒತ್ತುತ್ತಿದ್ದರು, ಹಾಗಾಗಿ ಅದು ನಿಮ್ಮ ಮನೆಯ ವಯಸ್ಸಲ್ಲ. ಮನೆ ಹೆಂಚಿಗಿಂತ ಹಳೆಯದೂ ಇರಬಹುದು. ಮುಳಿಹುಲ್ಲು, ಕೈಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸಿದ ಮನೆಗಳು ಬೇಕಾದಷ್ಟಿವೆ. ಒಡೆಯದ ಹೆಂಚನ್ನು ಬಿಸಾಡಬೇಡಿ. ಪಾಚಿ ಉಜ್ಜಿ, ಕೊಟ್ಟಿಗೆಯ ಗೋಡೆಗೆ ಒರಗಿಸಿ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಮೇಲೆ ಇರುವ ಪ್ರಶ್ನೆ ಕೇಳಿದವರಂಥವರು ಅವನ್ನು ಹುಡುಕಿಕೊಂಡು ಬರುತ್ತಾರೆ.