‘ಅಂಥದ್ದೇನೂ ಇಲ್ಲ’ ಅಂದುಬಿಟ್ಟೆ, ಈಗ ಗೆಳತಿಯ ಮುಖ ನೋಡಲಾಗುತ್ತಿಲ್ಲ

ಪ್ರಶ್ನೆ: ನನಗೆ 36 ವರ್ಷ. ಒಂದು ಕಂಪನಿಯಲ್ಲಿ 14 ಜನರ ಟೀಮ್ ನೋಡಿಕೊಳ್ಳುತ್ತೇನೆ. ‘ಟೀಮ್‌ನಲ್ಲಿ ಉತ್ಸಾಹವೇ ಇಲ್ಲ, ಯಾರೂ ಬಾಯಿ ಬಿಡಲ್ಲ, ನೀವೇ ಏನಾದರೂ ಮಾಡಿ’ ಎಂದು ಮ್ಯಾನೇಜರ್ ಆರು ತಿಂಗಳ ಹಿಂದೆ ನನಗೆ ವಹಿಸಿದರು. ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದೆ. ತಿಂಗಳಿಗೊಂದು ಸುದ್ದಿಪತ್ರ ತಂದೆ. ಶುಕ್ರವಾರ ಸಂಜೆ ಆಟ ಇಟ್ಟೆ. ಆದರೂ ಮೀಟಿಂಗ್‌ನಲ್ಲಿ ‘ಏನಾದರೂ ಹೇಳೋದಿದೆಯಾ’ ಅಂದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಒಂದೇ ವರದಿಯನ್ನು ಎರಡು ಕಡೆ ತುಂಬಬೇಕಾದ ಕಷ್ಟದ ಬಗ್ಗೆ ಹೋದ ವರ್ಷದ ಸರ್ವೇಯಲ್ಲಿ ಕೆಲವರು ಬರೆದಿದ್ದರು. ಆಗ ಮ್ಯಾನೇಜರ್ ‘ಇದನ್ನು ಬರೆದವರು ಯಾರು’ ಎಂದು ಮೀಟಿಂಗ್‌ನಲ್ಲೇ ಕೇಳಿದ್ದರು. ಈ ವರ್ಷ ಎಲ್ಲರೂ ‘ಎಲ್ಲ ಚೆನ್ನಾಗಿದೆ’ ಎಂದೇ ಬರೆದಿದ್ದಾರೆ.

ಈಗ ಇನ್ನೊಂದು ಸಂಕಟ. ನಮ್ಮ ಟೀಮನ್ನು ಬೇರೆ ವಿಭಾಗದ ಜೊತೆ ಸೇರಿಸುವ ಮಾತು ನಡೆದಿದೆ. ಕೆಲವರ ಕೆಲಸ ಬದಲಾಗಬಹುದು. ಯಾರದ್ದು ಎಂದು ನನಗೂ ಗೊತ್ತಿಲ್ಲ. ಯಾರಿಗೂ ಹೇಳಬಾರದು ಎಂದು ಮ್ಯಾನೇಜರ್ ಹೇಳಿದ್ದಾರೆ. ಒಂಬತ್ತು ವರ್ಷದಿಂದ ಜೊತೆಗಿರುವ ಗೆಳತಿ ಊಟದ ಹೊತ್ತಲ್ಲಿ ‘ನಮ್ಮ ಟೀಮ್ ಒಡೀತಾರಂತೆ, ಹೌದೇನೇ?’ ಅಂದಳು. ‘ಅಂಥದ್ದೇನೂ ಇಲ್ಲ’ ಅಂದುಬಿಟ್ಟೆ. ಅವಳು ಮನೆ ಸಾಲಕ್ಕೆ ಸಹಿ ಹಾಕುವ ಹಂತದಲ್ಲಿದ್ದಾಳೆ. ಅವತ್ತಿನಿಂದ ಅವಳ ಮುಖ ನೋಡಲಾಗುತ್ತಿಲ್ಲ. ಅವಳಿಗೆ ಹೇಳಿಬಿಡಲೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟೀಮ್ ಬಾಯಿ ಬಿಡುತ್ತಿಲ್ಲ ಎನ್ನುವುದನ್ನೂ ಗೆಳತಿಯ ವಿಷಯವನ್ನೂ ನೀವು ಬೇರೆ ಬೇರೆ ಸಂಕಟ ಎಂದು ಬರೆದಿದ್ದೀರಿ. ನನಗೆ ಅವೆರಡೂ ಒಂದೇ ಅನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ. ಸಾಲಕ್ಕೆ ಸಹಿ ಬೀಳುವ ಮುಂಚೆ ಆಗಬೇಕಾದ ಮಾತು ಇರುವುದರಿಂದ ಮೊದಲು ಗೆಳತಿಯ ವಿಷಯ.

ಒಳಗಿನ ಸುದ್ದಿಯನ್ನು ಅವಳೊಬ್ಬಳಿಗೇ ಹೇಳಬೇಡಿ. ನೀವು ಮ್ಯಾನೇಜರ್‌ಗೆ ಮಾತು ಕೊಟ್ಟಿದ್ದೀರಿ, ಅದೊಂದು ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಉಳಿದ 13 ಜನರಿಗೂ ಮನೆ ಇದೆ, ಮಕ್ಕಳಿದ್ದಾರೆ, ಸಾಲ ಇದೆ. ಸ್ನೇಹ ಇದ್ದವರಿಗೆ ಮಾತ್ರ ಸುದ್ದಿ ಸಿಗುತ್ತದೆ ಎಂದು ಅವರಿಗೆ ಗೊತ್ತಾದ ದಿನ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಜೊತೆಗೆ ನಿಮಗೆ ಗೊತ್ತಿರುವುದೂ ಅರ್ಧ. ಯಾರ ಕೆಲಸ ಏನಾಗುತ್ತದೆ ಎಂದು ನಿಮಗೇ ತಿಳಿದಿಲ್ಲ. ಅರ್ಧ ಸುದ್ದಿ ಹೇಳಿದರೆ ಅವಳ ನಿದ್ದೆ ಕೆಡುತ್ತದೆ, ದಾರಿ ಮಾತ್ರ ಕಾಣಿಸುವುದಿಲ್ಲ.

ಆದರೆ ಸುದ್ದಿ ಹೇಳದೆ ಇರುವುದೇ ಬೇರೆ, ‘ಅಂಥದ್ದೇನೂ ಇಲ್ಲ’ ಅನ್ನುವುದೇ ಬೇರೆ. ಎರಡನೆಯದು ಸುಳ್ಳು. ಅದನ್ನು ನೀವು ವಾಪಸ್ ತೆಗೆದುಕೊಳ್ಳಲೇಬೇಕು. ಅವಳ ಮುಖ ನೋಡಲು ನಿಮಗೆ ಆಗದಿರುವುದೂ ಇದಕ್ಕೇ ಅಲ್ವಾ?

ಅದಕ್ಕೆ ಮೊದಲು ಮ್ಯಾನೇಜರ್ ಹತ್ತಿರ ಹೋಗಿ. ಈ ವಾರವೇ ಹೋಗಿ. ಸುದ್ದಿ ಆಗಲೇ ಹೊರಗೆ ಬಿದ್ದಿದೆ ಎಂದು ನೇರವಾಗಿ ಹೇಳಿ. ಗೆಳತಿಯ ಹೆಸರು ಬೇಡ. ‘ಊಟದ ಹೊತ್ತಲ್ಲಿ ಇದೇ ಮಾತು ನಡೀತಿದೆ’ ಅಂದರೆ ಸಾಕು. ಬಾಯಿ ಮುಚ್ಚಿಕೊಂಡರೆ ಸುದ್ದಿ ಸಾಯುತ್ತದೆ ಎಂದು ಮೇಲಿನವರು ನಂಬಿರುತ್ತಾರೆ. ಆಗುವುದು ಉಲ್ಟಾ. ಗಾರ್ಡನ್ ಆಲ್ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1940ರ ದಶಕದಲ್ಲಿ, ಯುದ್ಧಕಾಲದ ಗಾಳಿಸುದ್ದಿಗಳನ್ನು ನೋಡಿ ಒಂದು ಸರಳ ಲೆಕ್ಕ ಹೇಳಿದರು. ವಿಷಯ ಜನರಿಗೆ ಎಷ್ಟು ಮುಖ್ಯ, ಅದು ಎಷ್ಟು ಅಸ್ಪಷ್ಟ, ಈ ಎರಡನ್ನೂ ಗುಣಿಸಿದಷ್ಟು ಗಾಳಿಸುದ್ದಿ ಹಬ್ಬುತ್ತದೆ. ಕೆಲಸ ಉಳಿಯುತ್ತದೋ ಇಲ್ಲವೋ ಎನ್ನುವುದು ಯಾರಿಗೂ ಮುಖ್ಯವೇ. ಅದನ್ನು ನೀವು ಕಡಿಮೆ ಮಾಡಲಾರಿರಿ. ಕಡಿಮೆ ಮಾಡಬಹುದಾದ್ದು ಅಸ್ಪಷ್ಟತೆ ಮಾತ್ರ.

ಹಾಗಾಗಿ ಮ್ಯಾನೇಜರ್ ಹತ್ತಿರ ಒಂದೇ ಒಂದು ಅನುಮತಿ ಕೇಳಿ. ‘ಬದಲಾವಣೆಯ ಬಗ್ಗೆ ಚರ್ಚೆ ನಡೆದಿದೆ. ತೀರ್ಮಾನ ಆಗಿಲ್ಲ. ಇಂಥ ತಾರೀಖಿಗೆ ನಿಮಗೆಲ್ಲ ಒಟ್ಟಿಗೇ ಹೇಳುತ್ತೇವೆ. ಅಲ್ಲಿಯವರೆಗೆ ದೊಡ್ಡ ಖರ್ಚು, ಸಾಲದಂಥ ನಿರ್ಧಾರ ಇದ್ದರೆ ಇದನ್ನೂ ಗಮನದಲ್ಲಿಡಿ.’ ಇಷ್ಟನ್ನು ಇಡೀ ಟೀಮ್‌ಗೆ ಒಂದೇ ದಿನ, ಎದುರಾಎದುರು ಹೇಳುವ ಅನುಮತಿ. ತಾರೀಖು ಮುಖ್ಯ. ‘ಸದ್ಯದಲ್ಲೇ’ ಅಂದರೆ ಜನರಿಗೆ ಏನೂ ಅರ್ಥವಾಗುವುದಿಲ್ಲ. ಆ ತಾರೀಖಿಗೂ ತೀರ್ಮಾನ ಆಗದಿದ್ದರೆ ಅವತ್ತೇ ನಿಂತು ‘ಇನ್ನೂ ಆಗಿಲ್ಲ’ ಎಂದು ಹೇಳಬೇಕು. ಸುಮ್ನೆ ತಾರೀಖು ದಾಟಿಸಿಬಿಟ್ಟರೆ ಮುಂದಿನ ಮಾತನ್ನು ಯಾರೂ ನಂಬುವುದಿಲ್ಲ.

ಮ್ಯಾನೇಜರ್ ಒಪ್ಪದೇ ಹೋದರೆ? ಆಗಲೂ ಗೆಳತಿಯ ಹತ್ತಿರ ಹೋಗಿ. ‘ಮೊನ್ನೆ ನೀನು ಕೇಳಿದಾಗ ಇಲ್ಲ ಅಂದೆನಲ್ಲ, ಹಾಗೆ ಹೇಳಬಾರದಿತ್ತು. ಈ ವಿಷಯದಲ್ಲಿ ನಾನು ಹೌದು ಅಂತಲೂ ಹೇಳೋ ಹಾಗಿಲ್ಲ, ಇಲ್ಲ ಅಂತಲೂ ಹೇಳೋ ಹಾಗಿಲ್ಲ. ನನ್ನ ಮಾತು ನಂಬಿ ಸಾಲದ ನಿರ್ಧಾರ ಮಾಡಬೇಡ’ ಅನ್ನಿ. ಅವಳಿಗೆ ಅರ್ಥವಾಗುತ್ತದೆ. ಏನೋ ಇದೆ ಎಂದು ಊಹಿಸುತ್ತಾಳೆ ಕೂಡ. ಊಹಿಸಲಿ. ನಿಮ್ಮ ಸುಳ್ಳನ್ನು ನಂಬಿಕೊಂಡು 20 ವರ್ಷದ ಸಾಲಕ್ಕೆ ಸಹಿ ಹಾಕುವುದಕ್ಕಿಂತ ಅದು ಮೇಲು. ಇಷ್ಟು ಹೇಳಿದ್ದು ತಿಳಿದು ಮ್ಯಾನೇಜರ್ ಬೇಸರ ಮಾಡಿಕೊಂಡರೂ ನೀವು ಗುಟ್ಟು ಬಿಟ್ಟುಕೊಟ್ಟಿಲ್ಲ. ಬೇರೆ ಯಾರೇ ಬಂದು ಕೇಳಿದರೂ ಇದೇ ಉತ್ತರ ಕೊಡಿ.

ಈಗ ಟೀಮ್‌ನ ಮೌನ. ಪತ್ರದ ನಡುವೆ ಒಂದು ಮಾತು ಹೇಳಿ ನೀವು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಮಾತ್ರ ಅದನ್ನು ದಾಟಿ ಹೋಗಲಾಗಲಿಲ್ಲ. ‘ಇದನ್ನು ಬರೆದವರು ಯಾರು?’ ನಿಮ್ಮ ಟೀಮ್ ಮಾತು ನಿಲ್ಲಿಸಿದ್ದು ಅವತ್ತು. ಕೇಳಿದ್ದಕ್ಕೆ ಅವರು ಹೇಳಿದರು. ಹೇಳಿದ ಕಷ್ಟ ಹಾಗೇ ಉಳಿಯಿತು, ಹೇಳಿದವರ ಹುಡುಕಾಟ ಶುರುವಾಯಿತು. ಆಮೇಲೆ ‘ಎಲ್ಲ ಚೆನ್ನಾಗಿದೆ’ ಎಂದು ಬರೆಯುವುದು ಬಿಟ್ಟು ಅವರಿಗೆ ಬೇರೆ ದಾರಿ ಏನಿತ್ತು? 14 ಜನರ ಟೀಮ್‌ನಲ್ಲಿ ಹೆಸರಿಲ್ಲದ ಸರ್ವೇ ಅನ್ನುವುದಕ್ಕೂ ಜಾಸ್ತಿ ಅರ್ಥವಿಲ್ಲ. ಎಷ್ಟು ವರ್ಷದಿಂದ ಇದ್ದೀರಿ, ಯಾವ ಕೆಲಸ ಎಂದು ಕೇಳಿಬಿಟ್ಟರೆ ಬರೆದವರು ಯಾರೆಂದು ಗೊತ್ತಾಗಿಯೇ ಆಗುತ್ತದೆ.

ನಿಮ್ಮ ಸುದ್ದಿಪತ್ರ, ಗ್ರೂಪ್, ಆಟ ಯಾವುದೂ ತಪ್ಪಲ್ಲ. ಆರು ತಿಂಗಳು ಅಷ್ಟು ಕಷ್ಟಪಟ್ಟಿದ್ದೀರಿ, ಅದು ನನಗೆ ಕಾಣುತ್ತದೆ. ಆದರೆ ಅವೆಲ್ಲ ನಿಮ್ಮಿಂದ ಅವರ ಕಡೆಗೆ ಹೋಗುವ ದಾರಿಗಳು. ಅವರ ಮಾತು ಮೇಲೆ ಹೋಗಿ, ಉತ್ತರವಾಗಿ ತಿರುಗಿ ಬರುವ ದಾರಿ ಒಂದೂ ಇಲ್ಲ. ಗೆಳತಿಯ ಪ್ರಶ್ನೆಗೂ ಆಗಿದ್ದು ಇದೇ, ನಿಜವಾದ ಉತ್ತರ ತಿರುಗಿ ಬರಲಿಲ್ಲ. ಎರಡೂ ಸಂಕಟ ಒಂದೇ ಅಂದಿದ್ದು ಅದಕ್ಕೇ. ಶುಕ್ರವಾರದ ಆಟ ಬೇಕಾದವರಿಗಿರಲಿ. ಮನೆಗೆ ಬೇಗ ಹೋಗಬೇಕಾದವರನ್ನು ಕೂರಿಸಬೇಡಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಸಲಹೆ ಪೆಟ್ಟಿಗೆ ಇಟ್ಟಿದ್ದರು. ಮೊದಲ ತಿಂಗಳು ನಾನೂ ಎರಡು ಚೀಟಿ ಹಾಕಿದೆ. ಯಾವ ಉತ್ತರವೂ ಬರಲಿಲ್ಲ. ನನ್ನ ಸಲಹೆ ಒಪ್ಪಲಿಲ್ಲ ಎಂದು ನನಗೆ ನೋವಾಗಲಿಲ್ಲ. ಅದನ್ನು ಯಾರಾದರೂ ಓದಿದರೋ ಇಲ್ಲವೋ ಎನ್ನುವುದೇ ತಿಳಿಯಲಿಲ್ಲವಲ್ಲ, ಅದು ನೋವಾಯಿತು. ಆಮೇಲೆ ನಾನು ಅಲ್ಲಿದ್ದಷ್ಟು ವರ್ಷವೂ ಏನನ್ನೂ ಬರೆಯಲಿಲ್ಲ.

ಆ ಎರಡು ಕಡೆ ತುಂಬುವ ವರದಿಯಿಂದಲೇ ಶುರು ಮಾಡಿ. ಅದು ಇನ್ನೂ ಹಾಗೇ ಇದೆ ಎಂದುಕೊಳ್ಳುತ್ತೇನೆ. ಒಂದು ಕಡೆಯದನ್ನು ನಿಲ್ಲಿಸಲು ಆಗುತ್ತದೆಯೇ ಎಂದು ಓಡಾಡಿ. ಹಾಗೆ ನಿಲ್ಲಿಸಲು ಆದರೆ, ಟೀಮ್ ಮುಂದೆ ಹೇಳಿ: ‘ಹೋದ ವರ್ಷ ನೀವು ಹೇಳಿದ್ದಿರಿ. ತಡವಾಯಿತು. ಮುಂದಿನ ವಾರದಿಂದ ಒಂದೇ ಕಡೆ ತುಂಬಿದರೆ ಸಾಕು.’ ಆಗದೇ ಹೋದರೆ ಯಾಕೆ ಆಗುವುದಿಲ್ಲ ಎಂದು ಹೇಳಿ. ಕಾರಣ ಸಮೇತ ‘ಆಗಲ್ಲ’ ಅಂದರೆ ಜನ ತಡೆದುಕೊಳ್ಳುತ್ತಾರೆ. ಅವರಿಗೆ ತಡೆಯಲಾಗದ್ದು ಉತ್ತರವೇ ಬಾರದಿರುವುದು.

ಆಮೇಲೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ದಿನಕ್ಕೊಬ್ಬರಂತೆ ಕೂತರೂ ಮೂರು ವಾರದಲ್ಲಿ ಮುಗಿಯುತ್ತದೆ. ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಬೇಡಿ. 1928ರಿಂದ 1930ರವರೆಗೆ ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 20 ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಹೀಗೆ ಮಾತಾಡಿಸಿದ್ದರು. ಮೊದಲು ಸಿದ್ಧ ಪ್ರಶ್ನೆಗಳನ್ನು ಕೇಳಿದರು. ಕೆಲಸಗಾರರು ಆ ಪ್ರಶ್ನೆ ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳತೊಡಗಿದರು. ಆಗ ಪ್ರಶ್ನೆಗಳನ್ನೇ ಕೈಬಿಟ್ಟು, ಅವರು ಹೇಳಿದ್ದನ್ನು ಕೇಳುತ್ತಾ ಕೂತರು. ಅರ್ಧ ಗಂಟೆಯ ಮಾತು ಒಂದು ಗಂಟೆ, ಒಂದೂವರೆ ಗಂಟೆಗೆ ಬೆಳೆಯಿತು. ನೀವೂ ‘ಈ ವಾರ ನಿಮ್ಮ ಕೆಲಸಕ್ಕೆ ಅಡ್ಡ ಬಂದಿದ್ದು ಏನು’ ಎಂದು ಕೇಳಿ ಸುಮ್ಮನಾಗಿ. ಮೊದಲ ಐದು ನಿಮಿಷ ಅವರೂ ಸುಮ್ಮನಿರಬಹುದು. ಆ ಮೌನವನ್ನು ನೀವೇ ಮಾತಾಡಿ ತುಂಬಬೇಡಿ. ಅವರು ಹೇಳಿದ್ದರಲ್ಲಿ ಯಾವುದನ್ನು ಮೇಲೆ ಒಯ್ಯಬಹುದು, ಯಾವುದು ನಿಮ್ಮಲ್ಲೇ ಇರಬೇಕು ಎಂದು ಅವರನ್ನೇ ಕೇಳಿಕೊಳ್ಳಿ. ವಾರದೊಳಗೆ ಅದು ಏನಾಯಿತು ಎಂದು ತಿಳಿಸಿ.

ಒಂದು ವಿಷಯಕ್ಕೆ ತಯಾರಾಗಿರಿ. ಎರಡು ತಿಂಗಳಲ್ಲಿ ದೂರುಗಳು ಜಾಸ್ತಿಯಾಗಬಹುದು. ಮ್ಯಾನೇಜರ್ ‘ನಿಮಗೆ ವಹಿಸಿದ ಮೇಲೆ ಇನ್ನೂ ಕೆಟ್ಟಿತಲ್ಲ’ ಅನ್ನಬಹುದು. ಆಗ ಅವರಿಗೆ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರ ಅಧ್ಯಯನದ ಬಗ್ಗೆ ಹೇಳಿ. ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅವರು ಲೆಕ್ಕ ಹಾಕಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದುಕೊಂಡಿದ್ದರು. ದಾಖಲಾದ ತಪ್ಪುಗಳು ಅಲ್ಲೇ ಜಾಸ್ತಿ ಇದ್ದವು. ಆ ತಂಡಗಳು ಜಾಸ್ತಿ ತಪ್ಪು ಮಾಡುತ್ತಿದ್ದವು ಎಂದಲ್ಲ, ಭಯವಿಲ್ಲದೆ ಹೇಳಿಕೊಳ್ಳುತ್ತಿದ್ದವು ಎಂಬ ತೀರ್ಮಾನಕ್ಕೆ ಅವರು ಬಂದರು. 1996ರಲ್ಲಿ ಅದನ್ನು ಪ್ರಕಟಿಸಿದರು. ನಿಮ್ಮ ಟೀಮ್‌ನಲ್ಲೂ ದೂರು ಬರತೊಡಗಿದರೆ ಅದನ್ನು ಒಳ್ಳೆಯ ಸುದ್ದಿ ಎಂದೇ ತಿಳಿಯಿರಿ.

ಎಲ್ಲಕ್ಕಿಂತ ಕಷ್ಟದ್ದು, ಮ್ಯಾನೇಜರ್ ‘ಬರೆದವರು ಯಾರು’ ಎಂದು ಮತ್ತೆ ಕೇಳದಂತೆ ನೋಡಿಕೊಳ್ಳುವುದು. ಇದನ್ನು ಅವರಿಗೆ ಒಬ್ಬರೇ ಇದ್ದಾಗ ಹೇಳಿ. ಅವರು ಕೆಟ್ಟವರು ಎಂದು ನನಗೆ ಅನ್ನಿಸುವುದಿಲ್ಲ. ಟೀಮ್ ಚೆನ್ನಾಗಿರಲಿ ಎಂದು ತಾನೇ ನಿಮಗೆ ವಹಿಸಿದ್ದು? ಅವತ್ತಿನ ಆ ಒಂದು ಪ್ರಶ್ನೆ ಏನು ಮಾಡಿತು ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಯಾರೂ ಏನೂ ಹೇಳದ ಸ್ಥಿತಿಯಲ್ಲೇ ಅವರೂ ಇದ್ದಾರೆ. ಸಾಧ್ಯವಾದರೆ ಅವರೇ ಟೀಮ್ ಮುಂದೆ ‘ಅವತ್ತು ಹಾಗೆ ಕೇಳಿದ್ದು ಸರಿಯಲ್ಲ’ ಎಂದು ಹೇಳಲಿ. ನಿಮ್ಮ ಹತ್ತು ಸುದ್ದಿಪತ್ರ ಮಾಡಲಾಗದ್ದನ್ನು ಆ ಮಾತು ಮಾಡುತ್ತದೆ. ಆಗದಿದ್ದರೆ ಹೆಸರು ಹೇಳಲಾರೆ ಎಂದು ನೀವೇ ಗಟ್ಟಿಯಾಗಿ ನಿಲ್ಲಬೇಕು.

ಗೆಳತಿ ಮೊದಲು ಸಿಟ್ಟಾಗಬಹುದು. ‘ಒಂಬತ್ತು ವರ್ಷ ಜೊತೆಗಿದ್ದು ನನ್ನ ಹತ್ತಿರವೇ ಸುಳ್ಳಾ’ ಅನ್ನಬಹುದು. ವಾದ ಮಾಡಬೇಡಿ. ಆ ಮಾತು ನಿಜ. ಕೇಳಿಸಿಕೊಳ್ಳಿ. ಮಾರನೇ ದಿನ ಊಟಕ್ಕೆ ನೀವೇ ಹೋಗಿ ಅವಳ ಪಕ್ಕ ಕೂತುಕೊಳ್ಳಿ. ಏನಾಯಿತು ಎಂದು ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.