ವಾಷಿಂಗ್ಟನ್ ಡಿ.ಸಿ. ರಾಜ್ಯವಾಗಲು ತಿದ್ದುಪಡಿ ಬೇಕೇ?

ಸಂವಿಧಾನ ತಿದ್ದುಪಡಿ ಇಲ್ಲದೆ, ಯಾವ ರಾಜ್ಯಕ್ಕೂ ಸೇರದ ಅಮೆರಿಕದ ರಾಜಧಾನಿ ಡಿ.ಸಿ.ಯನ್ನು ರಾಜ್ಯ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ಒಂದು ತೊಡಕು ಉಳಿಯುತ್ತದೆ.

ಹೊಸ ರಾಜ್ಯ ಸೇರಿಸಲು ಎರಡೂ ಸದನಗಳ ಸರಳ ಬಹುಮತ, ಅಧ್ಯಕ್ಷರ ಸಹಿ ಸಾಕು. ರಾಜಧಾನಿ ಪ್ರದೇಶ ಹತ್ತು ಮೈಲಿ ಉದ್ದ, ಹತ್ತು ಮೈಲಿ ಅಗಲದ ಚೌಕವನ್ನು ಮೀರಬಾರದು ಎಂದಷ್ಟೇ ಸಂವಿಧಾನ ಹೇಳುತ್ತದೆ. ಕನಿಷ್ಠ ಎಷ್ಟಿರಬೇಕು ಅಂತ ಇಲ್ಲ. ಹಾಗಾಗಿ ಶ್ವೇತಭವನ, ಕ್ಯಾಪಿಟಲ್ (ಸಂಸತ್ ಭವನ) ಸುತ್ತಲಿನ ತುಂಡನ್ನು ಮಾತ್ರ ರಾಜಧಾನಿಯಾಗಿ ಉಳಿಸಿ, ಜನವಸತಿಯನ್ನು ರಾಜ್ಯ ಮಾಡುವುದು, ಇದಕ್ಕಾಗಿ ಸಂಸತ್ತಿನಲ್ಲಿ ಮಂಡಿಸಿದ ಮಸೂದೆಯ ಉಪಾಯ.

ತೊಡಕು 1961ರ 23ನೇ ತಿದ್ದುಪಡಿ. ಅದು ಅಧ್ಯಕ್ಷೀಯ ಚುನಾವಣೆಯಲ್ಲಿ ರಾಜಧಾನಿಗೆ ಎಲೆಕ್ಟರ್‌ಗಳನ್ನು (ಅಧ್ಯಕ್ಷರನ್ನು ಅಧಿಕೃತವಾಗಿ ಆರಿಸುವವರು) ಕೊಟ್ಟಿದೆ, ಈಗ ಮೂವರು. ರಾಜಧಾನಿಯಾಗಿ ಉಳಿಯುವ ತುಂಡಿಗೂ ಎಲೆಕ್ಟರ್‌ಗಳು ಸಿಗುತ್ತಾರೆ, ಆದರೆ ಅಲ್ಲಿ ಮತದಾರರೆಂದರೆ ಹೆಚ್ಚುಕಡಿಮೆ ಅಧ್ಯಕ್ಷರ ಮನೆಯವರೇ! ಆ ತಿದ್ದುಪಡಿ ರದ್ದಾಗಲು 38 ರಾಜ್ಯಗಳು ಒಪ್ಪಬೇಕು. ಮಸೂದೆಯಲ್ಲಿ ರದ್ದತಿಗೆ ತ್ವರಿತ ದಾರಿ ಇದೆ, ಖಾತರಿ ಇಲ್ಲ.

ಅಸಲಿ ಅಡ್ಡಿ ಸೆನೆಟ್. 2021ರ ಏಪ್ರಿಲ್‌ನಲ್ಲಿ ಕೆಳಮನೆ ಮಸೂದೆಯನ್ನು 216–208 ಮತಗಳಿಂದ ಅಂಗೀಕರಿಸಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಲು 60 ಮತ ಬೇಕು. ಡೆಮಾಕ್ರಟರ ಬಳಿ 50 ಇತ್ತು, ಅವರಲ್ಲೂ ಕೆಲವರು ಒಲಿದಿರಲಿಲ್ಲ. ಡಿ.ಸಿ. ಸದಾ ಡೆಮಾಕ್ರಟರ ಕೈಹಿಡಿಯುವ ಊರು, ರಾಜ್ಯವಾದರೆ ಸಿಗುವ ಎರಡು ಸೆನೆಟ್ ಸೀಟು ರಿಪಬ್ಲಿಕನ್ನರು ಸುಮ್ಮನೆ ಬಿಟ್ಟುಕೊಡುತ್ತಾರೆಯೇ?

1846ರಲ್ಲಿ ರಾಜಧಾನಿಯ ಅಲೆಕ್ಸಾಂಡ್ರಿಯಾ ಭಾಗವನ್ನು ವರ್ಜೀನಿಯಾಕ್ಕೆ ಮರಳಿಸಿದಂತೆ ಡಿ.ಸಿ.ಯನ್ನೂ ಅದರ ಮೂಲ ರಾಜ್ಯ ಮೇರಿಲ್ಯಾಂಡಿಗೆ ಸೇರಿಸಿ ಎನ್ನುವವರಿದ್ದಾರೆ. ಅದಕ್ಕೆ ಮೇರಿಲ್ಯಾಂಡ್ ಒಪ್ಪಬೇಕು, ಅಲ್ಲೇ ಉತ್ಸಾಹವಿಲ್ಲ.