ಆ ಒಂದು ಮಾತು ಮಾತ್ರ ದೇವರಿಗೆ ಕೇಳಿಸಿತೇ?

ಓದುಗರ ಪ್ರಶ್ನೆಗಳಿಗೆ ವಿರಾಜಪೇಟೆಯ ನಿವೃತ್ತ ಶಿಕ್ಷಕಿ, ಧರ್ಮೋಪದೇಶ ತರಗತಿಯ ಹಿರಿಯ ಟೀಚರ್ ಉತ್ತರಿಸಿದ್ದಾರೆ.

ಪ್ರಶ್ನೆ: ಕೊಡಗಿನ ಮಾದಾಪುರದ ಕಡೆಯವನು ನಾನು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಹೊತ್ತಿಗೆ ಮನೆಮಂದಿಯೆಲ್ಲ ಮೊಣಕಾಲೂರಿ ಜಪಸರ ಹೇಳುತ್ತಿದ್ದೆವು. ನಮ್ಮ ಮನೆ ಉಳಿಯಿತು, ಕೆಳಗಿನ ಎರಡು ಮನೆ ಮಣ್ಣುಪಾಲಾದವು. ಪ್ರಾರ್ಥನಾ ಕೂಟದಲ್ಲಿ ಇದನ್ನು ಸಾಕ್ಷಿಯಾಗಿ ಹೇಳಿ ಎಂದು ಪ್ರತಿ ವರ್ಷ ಒತ್ತಾಯ. ನನಗೇಕೋ ಬಾಯಿ ಬರುವುದಿಲ್ಲ. ಇದು ದೇವರಿಗೆ ಮಾಡುವ ಕೃತಘ್ನತೆಯೇ?

ಉತ್ತರ: ಅಲ್ಲ. ನಿಮಗೆ ಬಾಯಿ ಬರದಿರುವುದು ಒಳ್ಳೆಯ ಕಾರಣಕ್ಕೇ. ಕೆಳಗಿನ ಮನೆಯವರೂ ಆ ಹೊತ್ತಿನಲ್ಲಿ ತಮ್ಮ ದೇವರ ಹೆಸರು ಹಿಡಿದು ಕೂಗಿರುತ್ತಾರೆ. ಸಿಲೋವಾಮಿನ ಗೋಪುರ ಕುಸಿದು 18 ಜನ ಸತ್ತಿದ್ದರಲ್ಲ, ಅವರನ್ನು ನೆನಪಿಸಿ ಯೇಸು ಜನರನ್ನು ಕೇಳಿದರು: ಸತ್ತವರು ಜೆರುಸಲೇಮಿನ ಉಳಿದವರೆಲ್ಲರಿಗಿಂತ ದೊಡ್ಡ ಪಾಪಿಗಳೆಂದು ತಿಳಿದಿರೋ? ಖಂಡಿತ ಅಲ್ಲ ಎಂದು ಉತ್ತರವನ್ನೂ ತಾವೇ ಕೊಟ್ಟರು. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ, ಓದಿ ನೋಡಿ. "ಉಳಿದುಕೊಂಡೆವು, ದೇವರಿಗೆ ಸ್ತೋತ್ರ" ಎನ್ನಿ, ಅಲ್ಲಿಗೆ ನಿಲ್ಲಿಸಿ. "ಜಪ ಮಾಡಿದ್ದಕ್ಕೆ ಉಳಿದೆವು" ಎಂದರೆ ಮನೆ ಕಳೆದುಕೊಂಡು ಅದೇ ಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕೂತವರ ಎದೆಗೆ ಕಲ್ಲು ಹೊಡೆದ ಹಾಗೆ. ಇಳಿಜಾರನ್ನು ಸಿಕ್ಕಸಿಕ್ಕಲ್ಲಿ ಕಡಿದು, ನೀರಿನ ದಾರಿ ಮುಚ್ಚಿ, ಅದರ ಮೇಲೆ ದಿನಗಟ್ಟಲೆ ಮಳೆ ಸುರಿದರೆ ಗುಡ್ಡ ನಿಲ್ಲುವುದಿಲ್ಲ. ಕೂಟದಲ್ಲಿ ಎದ್ದು ಮಾತಾಡಲೇಬೇಕಾದರೆ ಇದನ್ನು ಮಾತಾಡಿ.

ಪ್ರಶ್ನೆ: ಟೀಚರ್, ಸಿದ್ದಾಪುರದ ಹತ್ತಿರದ ತೋಟವೊಂದರ ಲೈನ್ ಮನೆಯಲ್ಲಿ ಬೆಳೆದವಳು ನಾನು. ವಯಸ್ಸು 33. ಅಮ್ಮನ ಎರಡೂ ಕಿಡ್ನಿ ಹೋಗಿ ಮೂರು ವರ್ಷ ಡಯಾಲಿಸಿಸ್ ಮಾಡಿಸಿದೆವು. ವಾರಕ್ಕೆ ಎರಡು ದಿನ, ಬೆಳಗಿನ ಮೊದಲ ಬಸ್ಸಿಗೆ ಮಡಿಕೇರಿ, ನಾಲ್ಕು ಗಂಟೆ ಮೆಷಿನ್ನಿನ ಪಕ್ಕ. ಅಮ್ಮನ ಎಡಗೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದರು. ಅಲ್ಲಿ ಬೆರಳಿಟ್ಟರೆ ರಕ್ತ ಜುಮುಜುಮು ಹರಿಯುವುದು ಗೊತ್ತಾಗುತ್ತಿತ್ತು. ದಿನಾ ರಾತ್ರಿ ಮುಟ್ಟಿ ನೋಡಿಯೇ ಮಲಗುತ್ತಿದ್ದೆ. ನೊವೇನಾ ಎಂಬ ಒಂಬತ್ತು ದಿನದ ಪ್ರಾರ್ಥನೆ, ಉಪವಾಸ, ಹರಕೆ ಯಾವುದನ್ನೂ ಬಿಡಲಿಲ್ಲ. ಕಳೆದ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ, ಒಂದು ರಾತ್ರಿ ಅವರ ಸಂಕಟ ನೋಡಲಾರದೆ "ಸಾಕು ಮಾಡು ಸ್ವಾಮಿ" ಅಂದುಬಿಟ್ಟೆ. ಬೆಳಗ್ಗೆ ಬೆರಳಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮೂರು ವರ್ಷದ ಪ್ರಾರ್ಥನೆ ಕೇಳದ ದೇವರಿಗೆ ಆ ಒಂದು ಮಾತು ಮಾತ್ರ ಕೇಳಿಸಿತೇ? ಕೂಟದ ಹಿರಿಯರೊಬ್ಬರು "ಕೊನೇ ಗಳಿಗೆಯಲ್ಲಿ ನಿನ್ನ ನಂಬಿಕೆ ಕುಸಿಯಿತು" ಅಂದರು. ಈಗ ಅಪ್ಪನಿಗೋಸ್ಕರ ಚರ್ಚಿಗೆ ಹೋಗುತ್ತೇನೆ. ಬಾಯಿ ಆಡುತ್ತದೆ, ಒಳಗೆ ಏನೂ ಇಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ಇದು ನಾಟಕವಲ್ಲವೇ? ಅಮ್ಮನ ವರ್ಷದ ಪೂಜೆ ಹತ್ತಿರ ಬಂತು. ಯಾವ ಮುಖ ಹೊತ್ತು ಹೋಗಿ ನಿಲ್ಲಲಿ?

ಉತ್ತರ: ಮಗಳೇ, ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಎರಡು ಸಲ ಬರೆದು ಹರಿದೆ. ಬೇರೆಲ್ಲದಕ್ಕಿಂತ ಮೊದಲು ಇದನ್ನು ಕೇಳು: ನಿನ್ನ ಅಮ್ಮನನ್ನು ಕೊಂಡೊಯ್ದದ್ದು ಕಾಯಿಲೆ, ನಿನ್ನ ಮಾತಲ್ಲ. ಕಿಡ್ನಿ ಕೆಲಸ ನಿಲ್ಲಿಸಿದವರ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ, ಎರಡೂ ಹೃದಯದ ಮೇಲೆ ಬೀಳುತ್ತವೆ. ಡಯಾಲಿಸಿಸ್‌ನಲ್ಲಿರುವ ಎಷ್ಟೋ ಮಂದಿ ಹೀಗೆ ಹೃದಯ ನಿಂತೇ ಹೋಗುತ್ತಾರೆ, ಮಲಗಿದಲ್ಲೇ. ನನ್ನ ಮಾತಿನ ಮೇಲೆ ಭರವಸೆ ಇಲ್ಲದಿದ್ದರೆ ಅಮ್ಮನನ್ನು ನೋಡುತ್ತಿದ್ದ ಡಾಕ್ಟರ ಹತ್ತಿರ ಒಮ್ಮೆ ಹೋಗಿ ಕೇಳಿಕೊಂಡು ಬಾ. ಬಸ್ಸಿನ ಖರ್ಚು ದಂಡವಲ್ಲ.

"ಸಾಕು" ಎಂದವಳು ನೀನೊಬ್ಬಳೇ ಅಲ್ಲ. ಎಲೀಯ ಪ್ರವಾದಿ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಸಿದು ಕೂತು, ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೊಂಡುಬಿಡು ಎಂದು ಬೇಡಿದ. ಅರಸುಗಳ ಮೊದಲ ಗ್ರಂಥ, 19ನೇ ಅಧ್ಯಾಯ. ದೇವರು ಪ್ರಾಣ ತೆಗೆದನೇ? ಇಲ್ಲ. ದೂತನೊಬ್ಬ ಬಂದು ತಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಬೈಯಲಿಲ್ಲ, ಪ್ರವಚನ ಕೊಡಲಿಲ್ಲ, ನಿದ್ದೆ ಮಾಡಲು ಬಿಟ್ಟರು. ದಣಿದವರ ಬಾಯಿಂದ ಬಂದ "ಸಾಕು" ದೇವರಿಗೆ ಅಪ್ಪಣೆ ಕೊಟ್ಟ ಹಾಗಾಗುವುದಿಲ್ಲ, ಮಗಳೇ. ಅದು ಆಜ್ಞೆಯಾಗುವುದಾದರೆ ಮೂರು ವರ್ಷದ "ಉಳಿಸು" ಕೂಡ ಆಜ್ಞೆಯೇ ಆಗಬೇಕಿತ್ತಲ್ಲ? ನೀನು ಹೇಳಿದ ಆ ಮಾತನ್ನು ಒಂಬತ್ತು ತಿಂಗಳಿಂದ ಕೊರಳಿಗೆ ಕಟ್ಟಿಕೊಂಡು ತಿರುಗುತ್ತಿದ್ದೀಯ. ಬಿಚ್ಚಿಡು.

ನಿದ್ದೆಯ ವಿಷಯ ಬಂತು. ಇಷ್ಟು ತಿಂಗಳು ನಿದ್ದೆಗೆಟ್ಟರೆ ಅದು ನಂಬಿಕೆಯ ಪ್ರಶ್ನೆ ಮಾತ್ರ ಆಗಿ ಉಳಿಯುವುದಿಲ್ಲ. ಡಾಕ್ಟರಿಗೆ ತೋರಿಸು. ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡು, ಟೆಲಿ ಮನಸ್ ಅಂತ ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಲೀಯನಿಗೆ ರೊಟ್ಟಿ ಸಿಕ್ಕಿದ ಹಾಗೆ ಇದೂ ಒಂದು ಎಂದುಕೋ.

ಇನ್ನು ಆ ಹಿರಿಯರು. ಅವರ ಮಾತು ಓದಿ ನನಗೆ ಬಂದ ಸಿಟ್ಟನ್ನು ಪತ್ರಿಕೆಯಲ್ಲಿ ಬರೆಯಲಾರೆ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ಕೂತ ಯೋಬನ ಸ್ನೇಹಿತರು ಅವನ ಸ್ಥಿತಿ ನೋಡಿ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಮಾತಿಲ್ಲದೆ ಅವನ ಜೊತೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದು, ನೀನೇನೋ ತಪ್ಪು ಮಾಡಿರಬೇಕು ಎಂದರು. ಕೊನೆಯಲ್ಲಿ ದೇವರ ಕೋಪ ತಿರುಗಿದ್ದು ಗೋಳಾಡಿದ ಯೋಬನ ಮೇಲಲ್ಲ, ಈ ವಿವರಣೆ ಕೊಟ್ಟವರ ಮೇಲೆ. ಪೌಲರು ತಮ್ಮ ಮೈಯ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದರು, ತೆಗೆಯಲಿಲ್ಲ. ಗೆತ್ಸೆಮನಿ ತೋಪಿನಲ್ಲಿ ಯೇಸು ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಎಂದು ಮೂರು ಸಲ ಬೇಡಿದರು. ದೂರವಾಗಲಿಲ್ಲ. ಅವರ ನಂಬಿಕೆಯೂ ಕುಸಿದಿತ್ತೇ? ಮುಂದಿನ ಸಲ ಆ ಹಿರಿಯರು ಸಿಕ್ಕರೆ ಕೇಳು. ಬೇಡ, ನೀನು ಕೇಳಬೇಡ, ನಾನೇ ಕೇಳುತ್ತೇನೆ.

ನನ್ನದೂ ಒಂದು ಹೇಳುತ್ತೇನೆ. ಇದನ್ನು ಇಲ್ಲಿ ಹಿಂದೆ ಬರೆದಿಲ್ಲ.

1991ರ ಕಕ್ಕಡ, ನಮ್ಮ ಕಡೆಯ ಜೋರು ಮಳೆಯ ತಿಂಗಳು. ನಮ್ಮೆಜಮಾನರು ತೋಟದಲ್ಲಿ ರೈಟರ್, ಲೆಕ್ಕಪತ್ರ ನೋಡುವವರು. ಜ್ವರ, ಮೈಕೈ ನೋವು ಅಂದರು. ಮಳೆಯಲ್ಲಿ ನೆನೆದದ್ದಕ್ಕೆ ಎಂದು ಕಷಾಯ ಕೊಟ್ಟೆ. ನಾಲ್ಕನೇ ದಿನ ಕಣ್ಣು ಹಳದಿಯಾಯಿತು, ಕಾಮಾಲೆ ಎಂದು ಸೊಪ್ಪಿನ ಔಷಧಿ ಕುಡಿಸಿದೆವು. ಅದು ಇಲಿಜ್ವರ. ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಮೂತ್ರ ಕಟ್ಟಿತ್ತು. ಜೀಪಿನಲ್ಲಿ ಮೈಸೂರಿಗೆ ಹೊರಟೆವು. ತಿತಿಮತಿ ದಾಟಿ ಕಾಡಿನ ರಸ್ತೆಯಲ್ಲಿ ಒಂದು ಮರ ಅಡ್ಡ ಬಿದ್ದಿತ್ತು. ಎರಡೂವರೆ ಗಂಟೆ. ಹಿಂದಿನ ಲಾರಿಯವರು ಕೊಡಲಿ, ಗರಗಸ ಹಿಡಿದು ಬಂದರು. ನಾನು ಎಜಮಾನರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಈ ಮರ ಸರಿಸು ಸ್ವಾಮಿ, ಈ ಮರ ಒಂದು ಸರಿಸು ಎಂದು ಬೇಡಿದೆ. ಮರ ಸರಿಯಿತು. ಹುಣಸೂರು ತಲುಪುವ ಮೊದಲೇ ಅವರು ಹೋದರು. ದೊಡ್ಡವನಿಗೆ ಏಳು ವರ್ಷ, ಚಿಕ್ಕವಳಿಗೆ ನಾಲ್ಕು.

ಅಲ್ಲಿಂದ ನನಗೆ ಜಪ ನಿಂತಿತು. ನಮ್ಮ ಅತ್ತೆ ಮಂಗಳೂರು ಕಡೆಯವರು, ಪ್ರಾರ್ಥನೆ ಅವರಿಗೆ ಕೊಂಕಣಿಯಲ್ಲೇ ಬರಬೇಕು. ನನಗೆ ಕನ್ನಡ. ಮದುವೆಯಾದಂದಿನಿಂದ ರಾತ್ರಿ ಅಡುಗೆಮನೆಯಲ್ಲಿ ಅವರು ಮೊದಲರ್ಧ ಕೊಂಕಣಿಯಲ್ಲಿ ಹೇಳುವುದು, ನಾನು ಉಳಿದರ್ಧ ಕನ್ನಡದಲ್ಲಿ ಹೇಳುವುದು, ಹೀಗೇ ನಡೆದಿತ್ತು. ಜಪಸರ ಗೊತ್ತಲ್ಲ, ಒಬ್ಬರು ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ, ಇನ್ನೊಬ್ಬರು ಎತ್ತಿಕೊಳ್ಳಬೇಕು. ಎಜಮಾನರು ಹೋದ ಮೇಲೂ ಅತ್ತೆ ಅದೇ ಹೊತ್ತಿಗೆ ಒಲೆಯ ಮುಂದೆ ಕೂರುತ್ತಿದ್ದರು. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಮಕ್ಕಳ ಯೂನಿಫಾರಂ ಒಣಹಾಕಿರುತ್ತಿದ್ದೆವು. ಮಗನನ್ನು ಕಳೆದುಕೊಂಡವರು ಅವರು, ನನಗಿಂತ ಕಮ್ಮಿ ನೋವೇನಲ್ಲ. ಅರ್ಧ ಹೇಳಿ, ಒಂದು ಗಳಿಗೆ ಕಾದು, ನಾನು ಬಾಯಿ ಬಿಡದಿದ್ದಾಗ ಉಳಿದರ್ಧವನ್ನೂ ತಾವೇ ಹೇಳಿ ಮಣಿ ದಾಟಿಸುತ್ತಿದ್ದರು. 53 ಮಣಿ, 53 ಸಲ ಕಾಯುವುದು. ಹೇಳು ಎಂದು ಒಮ್ಮೆಯೂ ಅನ್ನಲಿಲ್ಲ.

ಮೂರು ತಿಂಗಳ ಮೇಲಾಗಿತ್ತು. ನವೆಂಬರ್ 2, ಸತ್ತವರ ಹಬ್ಬ. ಸಮಾಧಿಗೆ ಮೇಣದಬತ್ತಿ ಹಚ್ಚಿ ಬಂದಿದ್ದೆವು. ರಾತ್ರಿ ಬುಟ್ಟಿಯ ಮೇಲಿನ ಕಾಲುಚೀಲ ಮಗುಚಿ ಹಾಕುತ್ತಿದ್ದೆ. ಅತ್ತೆ ಅರ್ಧಕ್ಕೆ ನಿಲ್ಲಿಸಿದರು. "ಈಗಲೂ ನಮ್ಮ ಮರಣದ ಸಮಯದಲ್ಲೂ" ಎಂಬ ಸಾಲು ನನ್ನ ಬಾಯಿಂದ ಬಂತು. ಅವರು ತಲೆಯೆತ್ತಿ ನೋಡಲಿಲ್ಲ. ಮುಂದಿನ ಮಣಿ ಹಿಡಿದರು.

ನನಗೆ ಉತ್ತರ ಸಿಕ್ಕಿತೆಂದು ತಿಳಿಯಬೇಡ. ಆ ಮರ ಅವತ್ತೇ ಯಾಕೆ ಬೀಳಬೇಕಿತ್ತು ಎಂದು ಇವತ್ತಿಗೂ ಕೇಳುತ್ತೇನೆ. ಸೊಪ್ಪಿನ ಔಷಧಿಯಲ್ಲಿ ಎರಡು ದಿನ ಕಳೆದೆನಲ್ಲ ಎಂದು ನನ್ನನ್ನೂ ಕೇಳಿಕೊಂಡಿದ್ದೇನೆ. ಆದರೆ ಬೆನ್ನು ತಿರುಗಿಸಿ ಕೇಳುತ್ತಿದ್ದವಳು ಈಗ ಎದುರು ಕೂತು ಕೇಳುತ್ತೇನೆ. ನನಗೆ ಆದ ವ್ಯತ್ಯಾಸ ಅಷ್ಟೇ. ಮಾರ್ತಳೂ ಯೇಸುವಿನ ಮುಖಕ್ಕೇ ಹೇಳಿದಳಲ್ಲ, ನೀವು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ ಎಂದು. ಆ ಸಹೋದರ ಲಾಸರ ಕಾಯಿಲೆ ಬಿದ್ದಿದ್ದಾನೆಂದು ಹೇಳಿ ಕಳಿಸಿದರೂ ಎರಡು ದಿನ ಇದ್ದಲ್ಲೇ ಇದ್ದು ತಡವಾಗಿ ಬಂದವರು ಅವರು. ಆ ಮಾತಿಗೆ ಯೇಸು ಸಿಟ್ಟಾಗಲಿಲ್ಲ. ಸಮಾಧಿಯ ದಾರಿಯಲ್ಲಿ ಅತ್ತರು.

ನಾಟಕ ಅಂದೆಯಲ್ಲ. ಅಪ್ಪನ ಪಕ್ಕ ಕೂರಲು ಹೋಗುವುದು ನಾಟಕ ಹೇಗಾಗುತ್ತದೆ? ನಿನ್ನೊಳಗೆ ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂಬುದನ್ನೇ ತೆಗೆದುಕೊಂಡು ಹೋಗು. ಮದರ್ ತೆರೇಸಾ ದಶಕಗಳ ಕಾಲ ಒಳಗೆ ದೇವರ ಸುಳಿವೇ ಇಲ್ಲದೆ ನರಳಿದವರು. ಅವರು ತೀರಿಕೊಂಡು ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಕಾಗದಗಳು ಬೆಳಕಿಗೆ ಬಂದಾಗ ಲೋಕಕ್ಕೆ ಗೊತ್ತಾಯಿತು. ಅದೆಲ್ಲ ತಿಳಿದ ಮೇಲೆಯೇ 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿದ್ದು. ಮನೆಯಲ್ಲಿ ಬೈಬಲ್ ಇದ್ದರೆ 88ನೇ ಕೀರ್ತನೆ ತೆಗೆ. ಬೇರೆ ಗೋಳಿನ ಕೀರ್ತನೆಗಳು ಕೊನೆಗೆ ಹೇಗೋ ಸ್ತುತಿಗೆ ಹೊರಳುತ್ತವೆ, ಇದು ಹೊರಳುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಬಾಯಿಗೆ ಬೇರೆ ಪ್ರಾರ್ಥನೆ ಬರದ ದಿನ ಇದನ್ನು ಓದು, ಅದೂ ಪ್ರಾರ್ಥನೆಯ ಪುಸ್ತಕದಲ್ಲೇ ಇದೆ.

ನಾನು ಹೋಗುವ ಸಂತ ಅನ್ನಮ್ಮನ ಚರ್ಚು 1792ರದ್ದು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಅರಸರು ಜಾಗ ಕೊಟ್ಟು ನೆಲೆ ಮಾಡಿಸಿದರು. ಬಿಡುಗಡೆಯಾಯಿತೆಂದು ಅವರು ದೇವರನ್ನು ಕೊಂಡಾಡಿದರು. ಸೆರೆಯಲ್ಲೇ ಸತ್ತವರೂ ತುಂಬ ಜನ, ಅವರು ಹೇಳಿದ್ದೂ ಅದೇ ಜಪ, ಅದೇ ಕೊಂಕಣಿ. ಬೆಂಚಿನಲ್ಲಿ ಕೂತಾಗ ಬಾರದೇ ಹೋದ ಆ ಜನ ನನಗೆ ಎಷ್ಟೋ ಸಲ ನೆನಪಾಗುತ್ತಾರೆ. ನಂಬಿಕೆ ಕಮ್ಮಿಯಾಗಿ ಸತ್ತರು ಎಂದು ಯಾರಾದರೂ ಅಂದರೆ ನಾನು ಎದ್ದು ಹೊರಗೆ ಹೋದೇನು.

ವರ್ಷದ ಪೂಜೆಗೆ ಹೀಗೆ ಮಾಡು. ಅಮ್ಮನ ಹೆಸರನ್ನು ಚರ್ಚಿಗೆ ನೀನೇ ಹೋಗಿ ಕೊಡು, ಅಪ್ಪನ ಕೈಲಿ ಕಳಿಸಬೇಡ. ಮುಂದಿನ ಬೆಂಚು ಬೇಡವಾದರೆ ಕಂಬದ ಪಕ್ಕ ಕೂರು. ಹಿಂದಿನ ರಾತ್ರಿ ಮನೆಯಲ್ಲಿ ಅಪ್ಪನಿಗೆ ಮೊದಲರ್ಧ ಹೇಳಲು ಹೇಳು. ಉಳಿದರ್ಧ ನಿನಗೆ ಬಂದರೆ ಬರಲಿ, ಬರದಿದ್ದರೆ ಅವರೇ ಹೇಳುತ್ತಾರೆ. ನೀನು ಎದ್ದು ಹೋಗಬೇಡ, ಅಷ್ಟೇ. ಆ "ಸಾಕು ಮಾಡು" ಅಂದದ್ದನ್ನು ಅಪ್ಪನಿಗೆ ಹೇಳಿದ್ದೀಯಾ? ಪತ್ರ ನೋಡಿದರೆ ಹೇಳಿಲ್ಲ ಅನಿಸುತ್ತದೆ. ಹೇಳು. ಅದೇ ರಾತ್ರಿ ಗೋಡೆಯ ಆಚೆ ಅವರೂ ಅದನ್ನೇ ಬೇಡುತ್ತ ಮಲಗಿದ್ದಿರಬಹುದು.

ಭಾನುವಾರ ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶ ಮುಗಿಸಿ ಹನ್ನೊಂದು ಗಂಟೆಗೆ ನಾನು ಬಿಡುವಾಗುತ್ತೇನೆ. ಸಿದ್ದಾಪುರದಿಂದ ಬಸ್ ಇದೆ. ಬಂದು ಟೀಚರ್ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಅಮ್ಮನ ಫೋಟೋ ಒಂದು ತಾ. ಊಟ ನಮ್ಮಲ್ಲೇ.